ಮನಸ್ಸಿನ ಚಿಕಿತ್ಸೆ ಕಲಿಯಲು ಹೊರಟ ನಮ್ಮ ಮಕ್ಕಳು

(ಪುಣೆಯಲ್ಲಿ ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡು, ಇವುಗಳ ವಿಷಯ ಮಾತನಾಡಲು ನಮಗೆ ಅಭ್ಯಾಸವಾಗಿಹೋಗಿದೆ. ಈ ದಿನ ಅವನ್ನು ಬದಿಗಿಟ್ಟು ಬೇರೊಂದು ಮಾತನ್ನು ತಮ್ಮ ಮುಂದಿಡಲು ನಿಂತಿದ್ದೇವೆ. ಇದು ನಮಗೆ ಸಂಬಂಧಪಟ್ಟದ್ದಲ್ಲ, ದೊಡ್ಡವರ ಮಕ್ಕಳಿಗೆ ಸಂಬಂಧಪಟ್ಟದ್ದು ಎಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ. ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು.

ಕಳೆದ ದೀಪಾವಳಿಯ ಮರುವಾರ ಸಂಘದ ಹಳೆಯ ಸದಸ್ಯರೊಬ್ಬರು ರಾತ್ರಿ ಹತ್ತೂವರೆಗೆ ಕೆಲಸ ಮುಗಿಸಿ ನೇರವಾಗಿ ಕಚೇರಿಗೆ ಬಂದರು. ಕುಂದಾಪುರದ ಕಡೆಯವರು, ಮೂವತ್ತು ವರ್ಷಗಳಿಂದ ಇದೇ ಊರಿನಲ್ಲಿ ಅಡಿಗೆ ಭಟ್ಟರಾಗಿ ಒಲೆಯ ಮುಂದೆ ನಿಂತವರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

“ಮಗಳದ್ದು ಎಂ.ಎ. ಆಯಿತು ಮಾರಾಯ್ರೆ, ಮನಃಶಾಸ್ತ್ರದಲ್ಲಿ. ಸಾಕು, ಶಾಲೆಯಲ್ಲೊಂದು ಕೆಲಸ ನೋಡಿಕೋ ಎಂದರೆ ಕೇಳುವುದಿಲ್ಲ. ಇನ್ನೂ ಎರಡು ವರ್ಷ ಹುಚ್ಚರ ಆಸ್ಪತ್ರೆಯಲ್ಲಿ ಕಲಿಯಬೇಕಂತೆ. ಎರಡು ವರ್ಷ ಹುಚ್ಚರ ನಡುವೆ ಕೂತ ಹೆಣ್ಣನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ, ನೀವೇ ಹೇಳಿ.”

ನಾವು ಏನೂ ಹೇಳಲಿಲ್ಲ. ಹೇಳಲು ನಮಗೆ ಗೊತ್ತಿರಲಿಲ್ಲ. ಅವರು ಚಹ ಕುಡಿದು ಎದ್ದುಹೋದ ಮೇಲೆ ನಮ್ಮ ಮನಸ್ಸಿಗೆ ಬಂದದ್ದು ಬೇರೊಬ್ಬ ಹುಡುಗನ ನೆನಪು. ಆ ಹುಡುಗನ ಕಥೆ ಹೇಳದೆ ಮುಂದಿನ ಮಾತು ಅರ್ಥವಾಗದು. ಅವನು ಒಪ್ಪಿಗೆ ಕೊಟ್ಟಿದ್ದಾನೆ. ಹೆಸರು, ಹೋಟೆಲು, ಊರು ಹೇಳಬಾರದೆಂದೂ ಕೇಳಿಕೊಂಡಿದ್ದಾನೆ.

ಹತ್ತೊಂಬತ್ತು ವರ್ಷದ ಹುಡುಗ. ಮೋರಿಯ ಹತ್ತಿರ ಲೋಟ, ಬಸಿ, ತಾಟು ತೊಳೆಯುವ ಕೆಲಸ. ಕೆಲಸಕ್ಕೆ ಸೇರಿದ ವರ್ಷ ಎಲ್ಲರಿಂದ ಹೊಗಳಿಸಿಕೊಂಡ. ಇವನು ತೊಳೆದ ಲೋಟದಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಧಣಿಗಳು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದರು. ಎರಡನೆಯ ವರ್ಷಕ್ಕೆ ಅವನು ಒಂದೇ ಲೋಟವನ್ನು ಮೂರು ಸಲ ತೊಳೆಯತೊಡಗಿದ. ಆಮೇಲೆ ಹತ್ತು ಸಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಹೋಗಿ ಮತ್ತೆ ಕೈ ತೊಳೆದು ಬರುತ್ತಿದ್ದ. ಸೋಡದ ನೀರಿನಲ್ಲಿ ಕೈಯ ಚರ್ಮ ಒಡೆದು ರಕ್ತ ಬಂತು. ಅವನ ಪಕ್ಕದಲ್ಲಿ ಮಲಗುತ್ತಿದ್ದ ಏಳು ಜನರಿಗೂ ಇದು ರೋಗವೆಂದು ಹೊಳೆಯಲಿಲ್ಲ. ತೊಳೆಯುವುದೇ ಕೆಲಸವಾದವನು ಹೆಚ್ಚು ತೊಳೆದರೆ ಅದನ್ನು ಯಾರು ರೋಗವೆನ್ನುತ್ತಾರೆ? ಕೊನೆಗೆ ಬೆಳಗಿನ ಗದ್ದಲದ ಹೊತ್ತಿಗೆ ಲೋಟಗಳು ಸಾಲದೆ ಬಂದಾಗ ಬೈಗಳು ಬಿತ್ತು. ಮಾರನೆಯ ದಿನ ಲೆಕ್ಕ ಚುಕ್ತ ಮಾಡಿ ಕಳಿಸಿದರು.

ಊರಿಗೆ ಹೋದ. ಮಾಟ ಎಂದರು. ನೂಲು ಕಟ್ಟಿಸಿದರು. ಹರಕೆ ಹೇಳಿಕೊಂಡರು. ದೇವರ ಮೇಲಿನ ಭಕ್ತಿಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಆರು ತಿಂಗಳಲ್ಲಿ ಅವನ ತಾಯಿಯ ಕಿವಿಯ ಓಲೆ ಅಡವಿಗೆ ಹೋಯಿತು, ಕೈಯ ಗಾಯ ಮಾಯಲಿಲ್ಲ. ತಿರುಗಿ ಪುಣೆಗೆ ಬಂದಾಗ ನಾವಿಬ್ಬರು ಅವನನ್ನು ಇಲ್ಲಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ಮನೋವೈದ್ಯರು ನೋಡಿದರು, ಒಂದು ಕಾಗದ ಬರೆದು ಪಕ್ಕದ ಕೋಣೆಗೆ ಕಳಿಸಿದರು. ಆ ಕೋಣೆಯಲ್ಲಿ ತರಬೇತಿಗೆ ಬಂದಿದ್ದ ಒಬ್ಬ ಮರಾಠಿ ಹುಡುಗಿ ಕುಳಿತಿದ್ದಳು. ಬಹಳ ಮರ್ಯಾದೆಯಿಂದ, ಸಮಾಧಾನದಿಂದ ಮಾತನಾಡಿಸಿದಳು. ನಮ್ಮ ಹುಡುಗನಿಗೆ ಮರಾಠಿ ಬರುತ್ತದೆ, ಆದರೆ ಹೋಟೆಲಿನ ಮರಾಠಿ. ಕಾಂದಾ ಇಲ್ಲದ್ದು, ಚಟ್ನಿ ಹೆಚ್ಚು, ಪಾರ್ಸಲ್ ಎಷ್ಟು, ಇಷ್ಟಕ್ಕೆ ಸಾಲುವ ಮರಾಠಿ. ಮನಸ್ಸಿನೊಳಗೆ ಏನಾಗುತ್ತಿದೆ ಎಂದು ಹೇಳುವ ಮರಾಠಿ ಅವನಿಗೆ ಯಾರೂ ಕಲಿಸಿರಲಿಲ್ಲ. ಅವನು “ಮಂಡೆ ಬಿಸಿ” ಎಂದ. ನಮ್ಮಲ್ಲೊಬ್ಬರು ಅದನ್ನು ಹಾಗೆಯೇ ಮರಾಠಿಗೆ ತಿರುಗಿಸಿ ತಲೆ ಬಿಸಿಯಾಗುತ್ತದೆ ಎಂದು ಹೇಳಿದರು. ಜ್ವರವಿದೆಯೇ ಎಂದು ಆಕೆ ಕೇಳಿದಳು. “ಮೈಲಿಗೆ” ಎಂದ. ನಾವು ಕೊಳಕು ಎಂದೆವು. ಎರಡೂ ಒಂದೇ ಅಲ್ಲ ಎಂಬುದು ನಮಗೆ ಗೊತ್ತಿತ್ತು, ಆದರೆ ಬೇರೆ ಶಬ್ದ ಸಿಕ್ಕಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ನಾವೇ ಆಗಿದ್ದೆವು. ನಾವು ಅವನ ಪಕ್ಕದ ಊರಿನವರು. ನಮ್ಮೆದುರು ಅವನು ಹೇಗೆ ಬಾಯಿ ಬಿಟ್ಟಾನು? ಅರ್ಧ ಗಂಟೆ ಅವನು ನಮ್ಮ ಮುಖ ನೋಡುತ್ತಲೇ ಇದ್ದ. ಆ ಹುಡುಗಿ ಅದನ್ನು ಕಂಡುಕೊಂಡು ನಮ್ಮನ್ನು ಹೊರಗೆ ಕಳಿಸಿದಳು. ಹೊರಗಿನ ಬೆಂಚಿನ ಮೇಲೆ ಕುಳಿತು ನಮಗೆ ಸ್ವಲ್ಪ ಸಿಟ್ಟೂ ಬಂತೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಒಳಗೆ ಅವರಿಬ್ಬರೂ ಹರಕು ಹಿಂದಿ, ಮುರುಕು ಮರಾಠಿ, ಕೈಸನ್ನೆ ಸೇರಿಸಿ ಒಂದೂಕಾಲು ಗಂಟೆ ಮಾತನಾಡಿದರು. ಮೂರನೆಯ ಭೇಟಿಗೆ ಅವಳು “ಮಂಡೆ ಬಿಸಿ” ಎಂಬ ಮಾತನ್ನು ತನ್ನ ವಹಿಯಲ್ಲಿ ಬರೆದುಕೊಂಡಿದ್ದಳು.

ಅವನ ರೋಗಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ. ಬೇಡವೆಂದರೂ ನುಗ್ಗಿ ಬರುವ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಕೆಲಸ, ಇದನ್ನು ಕನ್ನಡದಲ್ಲಿ ಗೀಳು ರೋಗ ಎನ್ನುತ್ತಾರೆ. ವೈದ್ಯರು ಗುಳಿಗೆ ಕೊಟ್ಟರು. ಈ ಹುಡುಗಿ, ತನ್ನ ಮೇಲಿನ ಗುರುಗಳ ಮೇಲ್ವಿಚಾರಣೆಯಲ್ಲಿ, ಇನ್ನೊಂದು ರೀತಿಯ ಪಾಠ ಶುರು ಮಾಡಿದಳು. ಎಂಜಲು ಲೋಟ ಮುಟ್ಟು, ಹತ್ತು ನಿಮಿಷ ಕೈ ತೊಳೆಯಬೇಡ, ಹೆದರಿಕೆ ಎಷ್ಟಿದೆ ಎಂದು ನೂರರಲ್ಲಿ ಒಂದು ಸಂಖ್ಯೆ ಹೇಳು. ಮರುವಾರ ಇಪ್ಪತ್ತು ನಿಮಿಷ. ಅದರ ಮುಂದಿನ ವಾರ ಅರ್ಧ ಗಂಟೆ. ತೊಳೆಯದೆ ಕುಳಿತರೂ ಹೆದರಿಕೆ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಉಪದೇಶದಿಂದಲ್ಲ, ಅವನ ಸ್ವಂತ ಅನುಭವದಿಂದಲೇ ಅವನಿಗೆ ತಿಳಿಸಿಕೊಡುವುದು ಈ ವಿಧಾನ. ನಾಲ್ಕು ತಿಂಗಳಾದ ಮೇಲೆ ಅವನು ಬೇರೊಂದು ಹೋಟೆಲಿನಲ್ಲಿ ಕೆಲಸಕ್ಕೆ ನಿಂತ. ಪೂರ್ತಿ ವಾಸಿಯಾಗಿದೆ ಎಂದು ನಾವು ಹೇಳುವುದಿಲ್ಲ, ಅವನೂ ಹೇಳುವುದಿಲ್ಲ. ಕೈಯ ಗಾಯ ಮಾತ್ರ ಮಾಯ್ದಿದೆ.

ಭಟ್ಟರ ಮಗಳು ಆಗಬೇಕೆಂದಿರುವುದು ಆ ಕೋಣೆಯಲ್ಲಿ ಕುಳಿತಿದ್ದ ಹುಡುಗಿಯ ಹಾಗೆ. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನಃಶಾಸ್ತ್ರಜ್ಞೆ. ಇದನ್ನು ತಿಳಿದ ಮೇಲೆ ನಾವು ಸುಮ್ಮನಿರಲಾಗಲಿಲ್ಲ. ನಾಲ್ಕು ಭಾನುವಾರ ಮತ್ತು ಎರಡು ರಜೆ ಖರ್ಚು ಮಾಡಿ, ಬಲ್ಲವರನ್ನು ಕೇಳಿ, ಆಸ್ಪತ್ರೆ ಕಾಲೇಜುಗಳ ಮೆಟ್ಟಿಲು ಹತ್ತಿ ತಿಳಿದುಕೊಂಡದ್ದನ್ನು ಈಗ ಹೇಳುತ್ತೇವೆ.

ಮೊದಲನೆಯ ಮಾತು, ಮನೋವೈದ್ಯರು ಬೇರೆ, ಚಿಕಿತ್ಸಾ ಮನಃಶಾಸ್ತ್ರಜ್ಞರು ಬೇರೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮಾಡಿ, ಆ ಮೇಲೆ ಮನೋರೋಗಗಳ ವಿಶೇಷ ವ್ಯಾಸಂಗ ಮಾಡಿದ ಡಾಕ್ಟರರು. ಔಷಧಿ ಬರೆಯುವವರು ಅವರು. ಮನಃಶಾಸ್ತ್ರಜ್ಞರು ಗುಳಿಗೆ ಬರೆಯುವುದಿಲ್ಲ. ಪರೀಕ್ಷೆಗಳಿಂದ ಬುದ್ಧಿಶಕ್ತಿ, ನೆನಪು, ಸ್ವಭಾವ, ರೋಗದ ಸ್ವರೂಪ ಇವನ್ನು ಅಳೆಯುವುದು, ಮಾತಿನಿಂದಲೂ ಅಭ್ಯಾಸದಿಂದಲೂ ಚಿಕಿತ್ಸೆ ನಡೆಸುವುದು ಅವರ ಕೆಲಸ. ಕಲಿಯಲು ಹಿಂದುಳಿದ ಮಗು, ಗಿರಣಿ ನಿಂತ ಮೇಲೆ ಕುಡಿತಕ್ಕೆ ಬಿದ್ದ ಗಂಡಸು, ಹೆರಿಗೆಯಾದ ಮೇಲೆ ಮಂಕು ಹಿಡಿದ ಬಾಣಂತಿ, ಪಾರ್ಶ್ವವಾಯುವಿನಿಂದ ನೆನಪು ಕುಂದಿದ ಮುದುಕ, ಇವರೆಲ್ಲ ಅವರ ಕೋಣೆಗೆ ಬರುವವರು. ಇವರನ್ನೆಲ್ಲ ಹುಚ್ಚರು ಎಂಬ ಒಂದೇ ಗೋಣಿಯಲ್ಲಿ ತುಂಬುವುದು ನ್ಯಾಯವೇ?

ಪುಣೆಯವರಾದ ನಮಗೆ ಇದರಲ್ಲಿ ಒಂದು ವಿಶೇಷ ಅಡ್ಡಿಯೂ ಇದೆ. ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ “ಯೆರವಡೆಗೆ ಕಳಿಸಬೇಕು” ಎಂದು ತಮಾಷೆ ಮಾಡುತ್ತೇವೆ. ಜೈಲೂ ಅಲ್ಲಿಯೇ, ಪ್ರಾದೇಶಿಕ ಮನೋರುಗ್ಣಾಲಯವೂ ಅಲ್ಲಿಯೇ ಇರುವುದರಿಂದ ಜನರ ಬಾಯಲ್ಲಿ ಎರಡೂ ಒಂದಾಗಿವೆ. ಮಹಾರಾಷ್ಟ್ರದಲ್ಲಿ ಯೆರವಡೆ, ಠಾಣೆ, ನಾಗಪುರ, ರತ್ನಾಗಿರಿ ಈ ನಾಲ್ಕು ಕಡೆ ಹಳೆಯ ಸರಕಾರಿ ಮನೋರುಗ್ಣಾಲಯಗಳಿವೆ. ಎರಡೂವರೆ ಸಾವಿರ ಹಾಸಿಗೆಗಳಿಗೆ ಮಂಜೂರಾತಿ ಪಡೆದಿದ್ದ ಯೆರವಡೆಯದು ದೇಶದಲ್ಲೇ ಬಹು ದೊಡ್ಡದೆನ್ನಿಸಿಕೊಂಡದ್ದು. ಆದರೆ ಯೆರವಡೆಯ ಹೆಸರಿಗೆ ಇನ್ನೊಂದು ನೆನಪೂ ಸೇರಬೇಕು. ಅದೇ ಆವರಣದಲ್ಲಿ 1986ರಲ್ಲಿ ಡಾಕ್ಟರ್ ಅನಿತಾ ಅವಚಟ ಮತ್ತು ಅವರ ಪತಿ ಅನಿಲ ಅವಚಟರು, ಪು.ಲ. ದೇಶಪಾಂಡೆ ದಂಪತಿಗಳ ಧನಸಹಾಯದಿಂದ, ಅಮಲಿನ ಚಟದಿಂದ ಬಿಡಿಸುವ ಮುಕ್ತಾಂಗಣವನ್ನು ತೆರೆದರು. ಅಲ್ಲಿಗೆ ಹೋಗಿ ಕುಡಿತ ಬಿಟ್ಟು ಬಂದವನನ್ನು ನಾವು ಹುಚ್ಚನೆನ್ನುವುದಿಲ್ಲ, ಗಟ್ಟಿಗನೆನ್ನುತ್ತೇವೆ. ಇನ್ನುಳಿದವರ ವಿಷಯದಲ್ಲಿ ಮಾತ್ರ ನಾಲಗೆ ಬೇರೆಯಾಗುವುದೇಕೆ?

ಎರಡನೆಯ ಮಾತು ನಮಗೆ ಬಹಳ ಸಂತೋಷ ತಂದದ್ದು. ಈ ವಿದ್ಯೆ ನಮಗೆ ಪರಕೀಯವಲ್ಲ. ಕಲಕತ್ತೆಯ ನಂತರ ಮನಃಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ತೆರೆದ ವಿಶ್ವವಿದ್ಯಾಲಯಗಳಲ್ಲಿ ಮೈಸೂರು ಮೊದಮೊದಲಿನದು, 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಿಂದ ಕಲಿತು ಬಂದು ಅದನ್ನು ನಡೆಸಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಬಿತ್ತರಿಸಿ, “ಆಕಾಶವಾಣಿ” ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ರೇಡಿಯೋದ ಮಾತು ಎಲ್ಲರಿಗೂ ಗೊತ್ತು, ಮನಃಶಾಸ್ತ್ರದ ಮಾತು ಯಾರಿಗೂ ಗೊತ್ತಿಲ್ಲ! ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಪಕ್ಕದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕರು ಡಾಕ್ಟರ್ ಎಂ.ವಿ. ಗೋವಿಂದಸ್ವಾಮಿಯವರು. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವರನ್ನು ಆಸ್ಪತ್ರೆಯ ರೋಗಿಗಳ ನಡುವೆ ಕೂಡಿಸಿ ಕಲಿಸುವ ಡಿಪ್ಲೊಮಾ 1955ರ ಜನವರಿಯಲ್ಲಿ ಅಲ್ಲಿ ಆರಂಭವಾಯಿತು. ಈ ದೇಶದಲ್ಲಿ ಚಿಕಿತ್ಸಾ ಮನಃಶಾಸ್ತ್ರದ ಕ್ರಮಬದ್ಧ ತರಬೇತಿಯ ಬೇರು ಅದು. ರಾಂಚಿಯ ಕೇಂದ್ರ ಸಂಸ್ಥೆಯಲ್ಲಿ ಅಂಥದೇ ಶಿಕ್ಷಣ 1962ರಲ್ಲಿ ಬಂತು. ಬೆಂಗಳೂರಿನ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆದವು. ಭಟ್ಟರ ಮಗಳು ಕೇಳುತ್ತಿರುವ ಎರಡು ವರ್ಷ ಆ ಡಿಪ್ಲೊಮಾದ ಮೊಮ್ಮಗಳು ಎನ್ನಬಹುದು.

ಇನ್ನೊಂದು ಸಂಗತಿ ಕೇಳಿ. ಮಕ್ಕಳ ಬುದ್ಧಿಶಕ್ತಿ ಅಳೆಯಲು ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ತರಬೇತಿಯವರು ಕಲಿಯುವ ಒಂದು ಪರೀಕ್ಷೆಗೆ ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರು. ಬಿನೆ ಎಂಬವನು ಫ್ರಾನ್ಸ್ ದೇಶದವನು. ಕಾಮತ್ ಎಂದರೆ ಆಗಿನ ಮುಂಬಯಿ ಪ್ರಾಂತದ ವಿ.ವಿ. ಕಾಮತರು. ಅವರು ಆ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ತಿದ್ದಿ 1934ರಲ್ಲಿ ಪ್ರಕಟಿಸಿದರು. ಯಾವ ಮಕ್ಕಳಿಗೆ? ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ. ತೊಂಬತ್ತು ವರ್ಷಗಳ ಹಿಂದೆ ಒಬ್ಬ ವಿದ್ವಾಂಸರು ಕನ್ನಡ ಮಗುವನ್ನೂ ಮರಾಠಿ ಮಗುವನ್ನೂ ಒಂದೇ ಮೇಜಿನ ಮುಂದೆ ಅವರವರ ಭಾಷೆಯಲ್ಲಿ ಕೂಡಿಸಿ ಪ್ರಶ್ನೆ ಕೇಳಿದರು. ಇಂದು ಪುಣೆಯಲ್ಲಿ ನಮ್ಮ ಹುಡುಗನಿಗೆ “ಮಂಡೆ ಬಿಸಿ” ಎಂದು ಹೇಳಿ ಅರ್ಥ ಮಾಡಿಸಲಾಗಲಿಲ್ಲ. ಓದು ಬರಹ ಬಾರದವರಿಗೂ ಆಗುವಂತೆ ಸಿ.ಎಂ. ಭಾಟಿಯಾ ಎಂಬವರು ಮಾಡಿದ ಇನ್ನೊಂದು ಪರೀಕ್ಷೆ 1955ರಲ್ಲಿ ಪ್ರಕಟವಾಯಿತು. ಬಣ್ಣದ ಮರದ ತುಂಡುಗಳನ್ನು ಜೋಡಿಸುವುದು, ಚಿತ್ರದ ಚೂರುಗಳನ್ನು ಕೂಡಿಸುವುದು ಇತ್ಯಾದಿ. ಅಂಥ ಪರೀಕ್ಷೆಗೂ ಮೊದಲು ಹೀಗೆ ಮಾಡು ಎಂದು ತಿಳಿಯುವಂತೆ ಹೇಳುವ ಬಾಯಿ ಬೇಕಷ್ಟೆ.

ಇನ್ನು ದಾರಿ ಯಾವುದು, ಎಷ್ಟು ದೂರ ಎಂಬುದು. ಹನ್ನೆರಡನೆಯ ತರಗತಿಯ ಮೇಲೆ ಮನಃಶಾಸ್ತ್ರ ತೆಗೆದುಕೊಂಡು ಬಿ.ಎ. ಅಥವಾ ಬಿ.ಎಸ್‌ಸಿ., ಆ ಮೇಲೆ ಎರಡು ವರ್ಷದ ಎಂ.ಎ. ಪುಣೆಯ ವಿಶ್ವವಿದ್ಯಾಲಯ, 2014ರಿಂದ ಸಾವಿತ್ರಿಬಾಯಿ ಫುಲೆಯವರ ಹೆಸರಿನದು, ಇದಕ್ಕೆ ತನ್ನದೇ ವಿಭಾಗ ಹೊಂದಿದೆ. ಬಡವರ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಟು ಬೀದಿಯಲ್ಲಿ ಸಗಣಿ ಎರಚಿಸಿಕೊಂಡ ತಾಯಿಯ ಹೆಸರು ಅದು. ಆದರೆ ಎಂ.ಎ. ಆದ ಮಾತ್ರಕ್ಕೆ ರೋಗಿಯನ್ನು ಮುಟ್ಟುವ ಹಕ್ಕು ಬರುವುದಿಲ್ಲ. ಅದರ ಮೇಲೆ ಪ್ರವೇಶ ಪರೀಕ್ಷೆ, ಸಂದರ್ಶನ, ಅನಂತರ ಆಸ್ಪತ್ರೆಯಲ್ಲಿ ಪೂರ್ಣಾವಧಿಯ ಎರಡು ವರ್ಷ. ಪುಣೆಯಲ್ಲಿ ಸಸೂನ್ ಆಸ್ಪತ್ರೆಯ ಆವರಣದಲ್ಲಿರುವ ಮಹಾರಾಷ್ಟ್ರ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಈ ತರಬೇತಿ ನಡೆದುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೂ ನಮ್ಮವರಿಗೆ ಹತ್ತಿರದವು. ಸೀಟುಗಳು ಕಡಿಮೆ, ಕೈಬೆರಳಿನಲ್ಲಿ ಎಣಿಸುವಷ್ಟು ಸೀಟಿಗೆ ನೂರಾರು ಅರ್ಜಿ ಬೀಳುತ್ತವೆ.

ಒಳಗೆ ಏನು ಕಲಿಸುತ್ತಾರೆ ಎಂದು ನಾವು ಕೇಳಿದೆವು. ಹೋಟೆಲಿನವರಿಗೆ ಅದು ಬೇಗ ಅರ್ಥವಾಗುತ್ತದೆ. ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಯಾರೂ ದೋಸೆಯ ಕಾವಲಿ ಕೊಡುವುದಿಲ್ಲ. ಹಾಗೆಯೇ ಇಲ್ಲಿ ಮೊದಲ ವರ್ಷ ರೋಗಿಯ ಚರಿತ್ರೆ ಬರೆದುಕೊಳ್ಳುವುದು, ಮನಸ್ಸಿನ ಸ್ಥಿತಿ ಪರೀಕ್ಷಿಸುವುದು, ಬುದ್ಧಿ ಮತ್ತು ವ್ಯಕ್ತಿತ್ವದ ಪರೀಕ್ಷೆ ನಡೆಸುವುದು, ಮನೋವೈದ್ಯಶಾಸ್ತ್ರ, ಸಂಖ್ಯಾಶಾಸ್ತ್ರ. ಎರಡನೆಯ ವರ್ಷ ಮಿದುಳಿನ ರಚನೆ, ಚಿಕಿತ್ಸೆಯ ವಿಧಾನಗಳು, ಸಕ್ಕರೆ ಕಾಯಿಲೆ ಹೃದ್ರೋಗದಂಥ ದೇಹದ ರೋಗಗಳಲ್ಲಿ ಮನಸ್ಸಿನ ಪಾಲು, ಕೊನೆಗೆ ಒಂದು ಸಂಶೋಧನ ಪ್ರಬಂಧ. ಎಂ.ಫಿಲ್. ನಿಯಮದಂತೆ ಮೊದಲ ವರ್ಷ ಐದು ರೋಗಿಗಳ ಪರೀಕ್ಷೆಯ ಪೂರ್ಣ ವರದಿ, ಎರಡನೆಯ ವರ್ಷ ಐದು ರೋಗಿಗಳಿಗೆ ಕೊಟ್ಟ ಚಿಕಿತ್ಸೆಯ ಪೂರ್ಣ ದಾಖಲೆ ಒಪ್ಪಿಸಬೇಕು. ಕಡತಕ್ಕೆ ಐದು, ಆದರೆ ವಾರ್ಡಿನಲ್ಲಿ ನೋಡುವುದು ಹತ್ತಾರು, ನೂರಾರು. ಎಲ್ಲವೂ ಗುರುಗಳ ಕಣ್ಣೆದುರು. ಒಂದು ಸಂಭಾಷಣೆ ಮುಗಿದ ಮೇಲೆ, ಆ ಪ್ರಶ್ನೆ ಏಕೆ ಕೇಳಿದೆ, ರೋಗಿ ಅತ್ತಾಗ ನೀನೇಕೆ ಮಾತು ಬದಲಿಸಿದೆ ಎಂದು ಗುರು ವಿಚಾರಿಸುತ್ತಾರಂತೆ. ಪುಸ್ತಕದಿಂದ ಬರುವ ವಿದ್ಯೆಯಲ್ಲ ಇದು.

ಇಲ್ಲಿ ಒಂದು ಎಚ್ಚರ. 1992ರ ಕಾನೂನಿನಂತೆ ಭಾರತೀಯ ಪುನರ್ವಸತಿ ಮಂಡಳಿ ಎಂಬುದಿದೆ. ಅದು ಒಪ್ಪಿದ ಸಂಸ್ಥೆಯಲ್ಲಿ ಕಲಿತು, ಅದರ ಕೇಂದ್ರ ಪಟ್ಟಿಯಲ್ಲಿ ಹೆಸರು ದಾಖಲಾದವರು ಮಾತ್ರ ಚಿಕಿತ್ಸಾ ಮನಃಶಾಸ್ತ್ರಜ್ಞರು. ದಾಖಲಾಗದೆ ವೃತ್ತಿ ಮಾಡಿದವರಿಗೆ ಒಂದು ವರ್ಷದವರೆಗೆ ಸೆರೆ ಅಥವಾ ದಂಡ ಎಂದು ಆ ಕಾನೂನೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಕಾನೂನೂ ಇದೇ ಅರ್ಹತೆಯನ್ನು ಬರೆದಿಟ್ಟಿದೆ. ಆದರೆ ಮೂರು ತಿಂಗಳಲ್ಲಿ ಮನೆಯಲ್ಲೇ ಕುಳಿತು ಮನಃಶಾಸ್ತ್ರಜ್ಞರಾಗಿ ಎಂಬ ಜಾಹೀರಾತುಗಳು ನಮ್ಮ ಮಕ್ಕಳ ಫೋನಿಗೆ ದಿನವೂ ಬರುತ್ತವೆ. ನಮ್ಮ ಸದಸ್ಯರೊಬ್ಬರ ಮಗ ಹೀಗೆ ನಲವತ್ತು ಸಾವಿರ ರೂಪಾಯಿ ಕಟ್ಟಿ ಒಂದು ಬಣ್ಣದ ಪ್ರಮಾಣಪತ್ರ ತಂದಿದ್ದಾನೆ. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಹಾಕಬಹುದು, ಅಷ್ಟೇ ಅದರ ಉಪಯೋಗ.

ಇನ್ನೊಂದು ತೊಡಕು ಹೊಸದು. ಈ ಎರಡು ವರ್ಷದ ಪದವಿಗೆ ಬಹುಕಾಲ ಎಂ.ಫಿಲ್. ಎಂದು ಹೆಸರಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಬೇಡವೆಂದಿತು; 2022ರ ನವೆಂಬರದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಅದನ್ನು ನಿಲ್ಲಿಸಿತು. ಆಸ್ಪತ್ರೆಗಳಿಗೆ ಜನ ಸಾಲದೆ ಹೋದೀತೆಂದು ಈ ವಿಷಯಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ 2025-26ರ ಪ್ರವೇಶದವರೆಗೆ ರಿಯಾಯಿತಿ ಕೊಟ್ಟರು. ಎಂ.ಫಿಲ್. ಜಾಗಕ್ಕೆ ಮಂಡಳಿ ಬೇರೆ ಹೆಸರಿನ ಪದವಿಗಳನ್ನು ತಂದಿದೆ. ಹೆಸರು ಏನೇ ಆಗಲಿ, ಅರ್ಜಿ ಹಾಕುವ ತಿಂಗಳಲ್ಲಿ ಮಂಡಳಿಯ ಪಟ್ಟಿಯಲ್ಲಿ ಆ ಸಂಸ್ಥೆಯೂ ಆ ಪದವಿಯೂ ಎರಡೂ ಇವೆಯೇ ಎಂದು ಕಣ್ಣಾರೆ ನೋಡಿ ಹಣ ಕಟ್ಟಿರಿ. ಇದರಲ್ಲಿ ನಂಬಿಕೆಯ ಮೇಲೆ ವ್ಯವಹಾರ ಬೇಡ.

ಹಣದ ಮಾತು. ಖಾಸಗಿ ಕಾಲೇಜುಗಳು ಲಕ್ಷಗಟ್ಟಲೆ ಕೇಳುತ್ತವೆ. ಅಲ್ಲಿಗೆ ಮನೆ ಮಾರಿ ಕಳಿಸಿರೆಂದು ನಾವು ಹೇಳುವುದಿಲ್ಲ. ಸರಕಾರಿ ಸಂಸ್ಥೆಗಳಲ್ಲಿ ಫೀಜು ಕಡಿಮೆ, ಕೆಲವು ಕಡೆ ತರಬೇತಿಯವರಿಗೆ ತಿಂಗಳಿಗಿಷ್ಟು ಎಂದು ಸ್ಟೈಪೆಂಡೂ ಉಂಟು. ಆದುದರಿಂದ ಒಂದು ವರ್ಷ ಸೀಟು ಸಿಕ್ಕದಿದ್ದರೆ ಮತ್ತೊಂದು ವರ್ಷ ಕುಳಿತು ಓದುವುದೇ ಲಾಭ. ಆ ಒಂದು ವರ್ಷ ಮನೆಯವರು ಹಂಗಿಸದಿರುವುದು ಫೀಜಿಗಿಂತ ದೊಡ್ಡ ಸಹಾಯವೆಂದು ಭಟ್ಟರ ಮಗಳೇ ನಮಗೆ ಹೇಳಿದಳು.

ಕಲಿತ ಮೇಲೆ ಕೆಲಸವಿದೆಯೇ? 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್‌ನವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿ. ಜಿಲ್ಲಾ ತಂಡದಲ್ಲಿ ಮನಃಶಾಸ್ತ್ರಜ್ಞರ ಹುದ್ದೆಯಿದೆ. 2015-16ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು; ಅಂಥವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನೂರು ಜನ ದುಡಿಯುವ ಕಡೆ ಹತ್ತು ಜನ ಎಂದಿಟ್ಟುಕೊಳ್ಳಿ. ಈ ಸಭೆಯಲ್ಲೇ ಎಷ್ಟಾಯಿತು ಎಂದು ಲೆಕ್ಕ ಹಾಕಲು ನಮಗೆ ಧೈರ್ಯವಿಲ್ಲ. ಅಕ್ಕಪಕ್ಕ ನೋಡಬೇಡಿ, ನಾವೂ ಆ ಲೆಕ್ಕದಲ್ಲಿ ಇರಬಹುದು.

ಕೆಲವರು ಕೇಳಬಹುದು, ಇಷ್ಟೆಲ್ಲ ಮಾಡಿ ಆ ಮಕ್ಕಳು ಕನ್ನಡದ ಹೋಟೆಲು ಹುಡುಗನಿಗಾಗಿ ಕುಳಿತಿರುತ್ತಾರೆಯೇ, ದೊಡ್ಡ ಫೀಜು ಕೊಡುವವರ ಕಡೆ ಹೋಗುವುದಿಲ್ಲವೇ ಎಂದು. ಹೋಗಬಹುದು. ಅದಕ್ಕೆ ನಾವು ಕರಾರು ಬರೆಸಿಕೊಳ್ಳಲಾರೆವು, ಬರೆಸಿಕೊಳ್ಳಲೂ ಬಾರದು. ಹತ್ತು ಮಂದಿ ಕಲಿತರೆ ಇಬ್ಬರಾದರೂ ಸರಕಾರಿ ಆಸ್ಪತ್ರೆಯ ಕೋಣೆಯಲ್ಲಿ ಕುಳಿತಾರು ಎಂಬುದು ನಮ್ಮ ಲೆಕ್ಕ. ಕನ್ನಡ ಎನ್ನುವಾಗ ಇನ್ನೊಂದನ್ನೂ ಒಪ್ಪಿಕೊಳ್ಳೋಣ: ನಮ್ಮ ಹೋಟೆಲುಗಳಲ್ಲಿ ಅರ್ಧದಷ್ಟು ಮಂದಿ ಮನೆಯಲ್ಲಿ ತುಳು ಆಡುವವರು. ದುಃಖ ಬಂದಾಗ ತುಳುವಿನಲ್ಲೇ ಅಳುವವರು. ಅವರ ಮಕ್ಕಳೂ ಈ ದಾರಿಗೆ ಬರಲಿ.

ಭಾಷೆಯ ವಿಷಯದಲ್ಲಿ ತಡೆಯದೆ ಆಗಬಹುದಾದ ಕೆಲಸವೊಂದಿದೆ. ಅದಕ್ಕೆ ಯಾರ ಸೀಟೂ ಬೇಡ. ನಮ್ಮ ಜನ ಕಷ್ಟವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದನ್ನು ಬರೆದು, ಅದರ ಎದುರಿಗೆ ಮರಾಠಿಯಲ್ಲಿ ಸರಿಯಾದ ಅರ್ಥ ಬರೆಸಿ, ಇಲ್ಲಿನ ಆಸ್ಪತ್ರೆಗಳ ತರಬೇತಿಯವರ ಕೈಗೆ ಕೊಡೋಣ. ನಾವು ಕಚೇರಿಯಲ್ಲಿ ಕುಳಿತು ಬರೆಯತೊಡಗಿದಾಗ ಒಂದೇ ಸಂಜೆಗೆ ಇಪ್ಪತ್ತಾರು ಮಾತು ಬಂದವು. ಮಂಡೆ ಬಿಸಿ, ಎದೆ ಧಸಕ್ಕೆನ್ನುವುದು, ಹೊಟ್ಟೆಯಲ್ಲಿ ಸಂಕಟ, ಜೀವಕ್ಕೆ ಸಮಾಧಾನವಿಲ್ಲ, ಮನಸ್ಸು ನಿಲ್ಲುವುದಿಲ್ಲ, ಯಾವುದೂ ಬೇಡ ಅನ್ನಿಸುತ್ತದೆ. ಉತ್ತರ ಕರ್ನಾಟಕದ ಗಿರಣಿಯ ಹಿರಿಯರೊಬ್ಬರು “ಬ್ಯಾಸರ” ಎಂಬ ಒಂದೇ ಶಬ್ದವನ್ನು ನಾಲ್ಕು ಅರ್ಥದಲ್ಲಿ ಹೇಳಿ ತೋರಿಸಿದರು. ಆ ನಾಲ್ಕರಲ್ಲಿ ಒಂದು ಅರ್ಥ, ಬದುಕುವುದೇ ಬೇಡ ಎಂಬುದು. ಅದನ್ನು ಬರಿಯ ಬೇಸರವೆಂದು ಮರಾಠಿಗೆ ತಿರುಗಿಸಿದರೆ ಏನಾದೀತೆಂದು ತಾವೇ ಯೋಚಿಸಿರಿ. ಆಸ್ಪತ್ರೆಗೆ ಹೋಗಲು ಸಂಕೋಚಪಡುವವರಿಗೆ 14416 ಎಂಬ ಸರಕಾರದ ಟೆಲಿ-ಮಾನಸ್ ದೂರವಾಣಿ 2022ರ ಅಕ್ಟೋಬರದಿಂದ ಇದೆ. ಹಗಲು ರಾತ್ರಿ ನಡೆಯುತ್ತದೆ, ಹಣ ಬೀಳುವುದಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಹೋಟೆಲಿನ ಹುಡುಗರು ಮಲಗುವ ಮಾಳಿಗೆಯ ಗೋಡೆಗೆ ಬರೆದಿಡಿ. ಗಲ್ಲಾದ ಹತ್ತಿರ ಬೇಡ, ಅಲ್ಲಿ ಧಣಿಗಳ ಕಣ್ಣೆದುರು ಯಾರೂ ಅದನ್ನು ಬರೆದುಕೊಳ್ಳುವುದಿಲ್ಲ.

ಸಭೆಯ ಮುಂದೆ ನಮ್ಮ ಕೋರಿಕೆ ಎರಡು. ಸಂಘದ ಪುಸ್ತಕ ನಿಧಿಯಿಂದ ಪ್ರತಿ ವರ್ಷ ಇಬ್ಬರಿಗೆ ಈ ಪ್ರವೇಶ ಪರೀಕ್ಷೆಯ ಅರ್ಜಿ ಶುಲ್ಕ, ಪುಸ್ತಕ, ಮತ್ತು ಬೆಂಗಳೂರು ಧಾರವಾಡಗಳಿಗೆ ಹೋಗಿಬರುವ ರೈಲು ಖರ್ಚು ಕೊಡಬೇಕು. ಶಬ್ದಗಳ ಪಟ್ಟಿಗೆ ಪ್ರತಿ ಖೋಲಿಯಿಂದ, ಪ್ರತಿ ಹೋಟೆಲಿನಿಂದ ಒಬ್ಬೊಬ್ಬರು ಐದೈದು ಮಾತು ಬರೆದುಕೊಡಬೇಕು. ಬರೆಯಲು ಬಾರದವರು ಬಂದು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ಯಾರು ಹೇಳಿದರೆಂದು ಬರೆಯುವುದಿಲ್ಲ. ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ, ಅಂದರೆ ಊಟದ ಗದ್ದಲ ಮುಗಿದು ಸಂಜೆಯ ಚಹ ಶುರುವಾಗುವ ಮೊದಲು, ಕಚೇರಿ ತೆರೆದಿರುತ್ತದೆ.

ಭಟ್ಟರು ಈ ಸಭೆಗೆ ಬಂದಿಲ್ಲ, ಇಂದು ಅವರಿಗೆ ಮದುವೆಯ ಅಡಿಗೆಯ ಕೆಲಸವಿದೆ. ಮೊನ್ನೆ ಗುರುವಾರ ರಾತ್ರಿ ಬಂದಿದ್ದರು, ಮಗಳೂ ಜೊತೆಗಿದ್ದಳು. ನಾವು ಈಗ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆವು. ಎಲ್ಲ ಕೇಳಿ, ವರನ ಕಡೆಯವರಿಗೆ ಏನು ಹೇಳಲಿ ಎಂಬ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಮಗಳು, “ಅಪ್ಪಯ್ಯ, ಆಸ್ಪತ್ರೆಯಲ್ಲಿ ಕಲಿಯುತ್ತಿದ್ದಾಳೆ ಎಂದು ಹೇಳು. ಅಷ್ಟಕ್ಕೇ ಬೇಡವೆನ್ನುವ ಮನೆಯಾದರೆ ಮೊದಲೇ ತಿಳಿದದ್ದು ಒಳ್ಳೆಯದಾಯಿತು” ಎಂದಳು. ಭಟ್ಟರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಬೈಂಡಿಂಗ್ ಹರಿದ ಒಂದು ವಹಿ ತೆಗೆದು, ಅರ್ಜಿಯ ಕೊನೆಯ ತಾರೀಖು ಯಾವುದು, ಎಷ್ಟು ಫೋಟೋ ಬೇಕು ಎಂದು ಬರೆದುಕೊಂಡರು.